ಕೆಂಪು ರಕ್ತಕಣದ ಮೇಲಿನ ಮೆದುಳಿನ ಕಿಣ್ವ: ಔಷಧಿ ಹೊಡೆಯುವ ಮುಂಚೆಯೇ ರಕ್ತ ಕೊಡಿ

ಗದ್ದೆಗೆ, ತೋಟಕ್ಕೆ ಕೀಟನಾಶಕ ಸಿಂಪಡಿಸುವುದನ್ನು ಮಲೆನಾಡಿನಲ್ಲಿ 'ಔಷಧಿ ಹೊಡೆಯೋದು' ಅಂತಲೇ ಹೇಳುವುದು. ಆ ಔಷಧಿಗಳಲ್ಲಿ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮಿಥೊಯೇಟ್, ಮೆಲಾಥಿಯಾನ್ ಎಲ್ಲವೂ ಒಂದೇ ಕುಲದವು, ಆರ್ಗನೋಫಾಸ್ಫೇಟುಗಳು. ಹುಳದ ನರವನ್ನು ಹೇಗೆ ಕೆಡಿಸುತ್ತವೋ ಮನುಷ್ಯನ ನರವನ್ನೂ ಹಾಗೇ ಕೆಡಿಸುತ್ತವೆ. ಎಷ್ಟು ಕೆಟ್ಟಿದೆ ಎಂದು ಮೆದುಳಿನೊಳಗೆ ಇಣುಕಿ ನೋಡಲು ದಾರಿಯಿಲ್ಲ. ಆದರೆ ಅಲ್ಲಿ ಪೆಟ್ಟು ತಿನ್ನುವ ಕಿಣ್ವವೇ ಕೆಂಪು ರಕ್ತಕಣದ ಹೊರಮೈಯಲ್ಲೂ ಕೂತಿದೆ. ತೋಳಿನಿಂದ ಎರಡು ಮಿಲಿ ರಕ್ತ ತೆಗೆದರೆ ಅದನ್ನು ಅಳೆಯಬಹುದು.

ಅಳೆಯಬಹುದು ನಿಜ. ಆದರೆ ನಮ್ಮ ಕಡೆ ಬಹಳ ಸಲ ಅಳೆಯುವುದು ಬೇರೆಯದೇ ಕಿಣ್ವವನ್ನು. ಸರಿಯಾದುದನ್ನೇ ಅಳೆದರೂ ಹೋಲಿಸಿ ನೋಡಲು ಆ ಮನುಷ್ಯನ ಹಿಂದಿನ ಅಂಕಿ ಇರುವುದಿಲ್ಲ. ಈ ಎರಡು ಕೊರತೆಗಳಿಂದಲೇ ಒಂದು ಒಳ್ಳೆಯ ಪರೀಕ್ಷೆ ಕೆಲಸಕ್ಕೆ ಬಾರದಂತಾಗಿದೆ. ತಾಲ್ಲೂಕು ಆಸ್ಪತ್ರೆಗಳ ಲ್ಯಾಬ್ ಟೆಕ್ನಿಷಿಯನ್ನರು, ತೋಟದ ಕೆಲಸಕ್ಕೆ ಆಳು ಕರೆಯುವವರು, ಮಂಗನ ಕಾಯಿಲೆ ನಿಯಂತ್ರಣದ ಕೆಲಸದಲ್ಲಿರುವ ಆರೋಗ್ಯ ಸಿಬ್ಬಂದಿ ಇದನ್ನು ಓದಬೇಕೆಂಬ ಆಸೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕಿಣ್ವದ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಒಂದು ನರ ಇನ್ನೊಂದು ನರಕ್ಕೋ ಸ್ನಾಯುವಿಗೋ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಕತ್ತರಿಸಿ ಹಾಕುವುದು ಈ ಕಿಣ್ವದ ಕೆಲಸ. ಒಂದೊಂದು ಕಿಣ್ವಕಣ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಕಣಗಳನ್ನು ಒಡೆಯುತ್ತದೆ. ಅದು ನಿಂತರೆ ಸುದ್ದಿ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ಭೇದಿ, ಸಾಸಿವೆ ಕಾಳಿನಷ್ಟಾದ ಕಣ್ಣಪಾಪೆ, ಸ್ನಾಯುಗಳಲ್ಲಿ ಅದಿರಾಟ, ಕಡೆಗೆ ಉಸಿರಾಟವೇ ಸೋಲುವುದು, ಎಲ್ಲಕ್ಕೂ ಇದೊಂದೇ ಕಾರಣ.

ಮೆದುಳಿಗೂ ರಕ್ತಕಣಕ್ಕೂ ಈ ಕಿಣ್ವದ ಜೀನ್ ಒಂದೇ. ಅದು ಏಳನೇ ವರ್ಣತಂತುವಿನ ಮೇಲಿದೆ. ವ್ಯತ್ಯಾಸವಿರುವುದು ಬಾಲದಲ್ಲಿ ಮಾತ್ರ. ಮೆದುಳಿನಲ್ಲಿ ನಾಲ್ಕು ನಾಲ್ಕು ಕಣಗಳು ಗುಂಪಾಗಿ ಒಂದು ಪ್ರೋಟೀನ್ ಲಂಗರಿನಿಂದ ನರಕೋಶದ ಪೊರೆಗೆ ಅಂಟಿಕೊಂಡಿರುತ್ತವೆ. ರಕ್ತಕಣದಲ್ಲಿ ಎರಡೆರಡು ಜೋಡಿಯಾಗಿ, ಜಿಪಿಐ ಎಂಬ ಕೊಬ್ಬಿನ ಲಂಗರಿನಿಂದ ಹೊರಮೈಗೆ ಕಚ್ಚಿಕೊಂಡಿರುತ್ತವೆ. ಕೆಲಸ ಮಾಡುವ ಭಾಗ, ಅಂದರೆ ವಿಷ ಬಂದು ಕೂರುವ ಸೆರಿನ್ ಎಂಬ ಅಮೈನೊ ಆಮ್ಲ ಇರುವ ಆಳದ ಕಣಿವೆ, ಎರಡರಲ್ಲೂ ಒಂದೇ. ಕೆಂಪು ರಕ್ತಕಣಕ್ಕೆ ಈ ಕಿಣ್ವದಿಂದ ಏನು ಉಪಯೋಗ ಎಂಬುದು ಇವತ್ತಿಗೂ ವಿಜ್ಞಾನಿಗಳಲ್ಲಿ ಇತ್ಯರ್ಥವಾಗಿಲ್ಲ. ಬ್ಲಡ್ ಬ್ಯಾಂಕಿನವರಿಗೆ ಮಾತ್ರ ಇದರ ಪರಿಚಯ ಇನ್ನೊಂದು ರೀತಿಯಲ್ಲಿದೆ. ವೈ-ಟಿ, ಅಂದರೆ ಕಾರ್ಟ್‌ರೈಟ್ ಎಂಬ ರಕ್ತಗುಂಪಿನ ಗುರುತು ಇರುವುದು ಇದೇ ಪ್ರೋಟೀನಿನ ಮೇಲೆ. ಪಿಎನ್‌ಎಚ್ ಎಂಬ ಅಪರೂಪದ ರಕ್ತದ ಕಾಯಿಲೆಯಲ್ಲಿ ಆ ಕೊಬ್ಬಿನ ಲಂಗರೇ ತಯಾರಾಗುವುದಿಲ್ಲ. ಆದ್ದರಿಂದ ವಿಷದ ಸಂಪರ್ಕವೇ ಇಲ್ಲದವರಲ್ಲೂ ರಕ್ತಕಣದ ಅಂಕಿ ತಳ ಕಂಡಿರುತ್ತದೆ.

ಎರಡು ಕಿಣ್ವ, ಒಂದೇ ಹೆಸರು

ಗೊಂದಲ ಶುರುವಾಗುವುದು ಇಲ್ಲಿಂದ. ರಕ್ತದಲ್ಲಿ ಇನ್ನೊಂದು ಕೋಲಿನೆಸ್ಟರೇಸ್ ಕೂಡ ಇದೆ. ಅದು ಕಣದ ಮೇಲಲ್ಲ, ಕಣಗಳು ತೇಲುವ ದ್ರವದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವವಾದ ಸೀರಮ್ಮಿನಲ್ಲೂ ಇರುವುದು ಅದೇ. ಹೆಸರು ಬ್ಯುಟಿರೈಲ್‌ಕೋಲಿನೆಸ್ಟರೇಸ್. ಸ್ಯೂಡೋಕೋಲಿನೆಸ್ಟರೇಸ್ ಎಂದೂ ಕರೆಯುತ್ತಾರೆ. ಅದನ್ನು ತಯಾರಿಸುವುದು ಯಕೃತ್ತು, ಅದರ ಜೀನ್ ಮೂರನೇ ವರ್ಣತಂತುವಿನಲ್ಲಿ. ಕಣದ ಕಿಣ್ವ ಬೇರೆ, ಸೀರಮ್ ಕಿಣ್ವ ಬೇರೆ ಎಂದು ಆಲ್ಸ್ ಮತ್ತು ಹಾಸ್ 1940ರಲ್ಲೇ ತೋರಿಸಿದ್ದಾರೆ. ಇಷ್ಟು ವರ್ಷವಾದರೂ ಚೀಟಿಯಲ್ಲಿ ಡಾಕ್ಟರು 'ಕೋಲಿನೆಸ್ಟರೇಸ್' ಎಂದಷ್ಟೇ ಬರೆಯುತ್ತಾರೆ, ಲ್ಯಾಬಿನವರು ಸೀರಮ್ಮಿನದನ್ನು ಮಾಡಿ ಕಳಿಸುತ್ತಾರೆ. ಆಟೋ ಅನಲೈಸರಿಗೆ ಹಾಕುವ ಸಿದ್ಧ ಕಿಟ್ ಸಿಗುವುದು ಅದಕ್ಕೇ.

ಕೈಯಲ್ಲಿರುವ ರಿಪೋರ್ಟು ಯಾವುದರದೆಂದು ತಿಳಿಯಲು ಅಳತೆಯ ಮಾನದ ಕಡೆ ನೋಡಿ. ಅಂಕಿ ಸಾವಿರಗಳಲ್ಲಿದ್ದು 'ಲೀಟರಿಗೆ ಇಷ್ಟು ಯೂನಿಟ್' ಎಂದಿದ್ದರೆ ಅದು ಸೀರಮ್ಮಿನದು. 'ಒಂದು ಗ್ರಾಂ ಹಿಮೋಗ್ಲೋಬಿನ್ನಿಗೆ ಇಷ್ಟು ಯೂನಿಟ್' ಎಂದಿದ್ದರೆ ರಕ್ತಕಣದ್ದು. ವಿಧಾನದ ಸಾಲಿನಲ್ಲಿ ಬ್ಯುಟಿರೈಲ್‌ಥಯೋಕೋಲಿನ್ ಎಂದಿದ್ದರಂತೂ ಅನುಮಾನವೇ ಬೇಡ.

ಸೀರಮ್ಮಿನ ಅಂಕಿ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಕ್ಲೋರ್‌ಪೈರಿಫಾಸ್‌ನಂಥ ವಿಷ ಮೈಸೇರಿದಾಗ ಮೊದಲು ಇಳಿಯುವುದೇ ಅದು. ವಿಷಕ್ಕೆ ತಾನು ಬಲಿಯಾಗಿ ನರದ ಕಿಣ್ವವನ್ನು ಅಷ್ಟು ಮಟ್ಟಿಗೆ ಉಳಿಸುತ್ತದೆ. ಹಾಗಾಗಿ ಮೈಗೆ ವಿಷ ತಾಗಿದೆಯೇ ಎಂಬ ಪ್ರಶ್ನೆಗೆ ಅದು ಒಳ್ಳೆಯ ಸಾಕ್ಷಿ. ನರಕ್ಕೆ ಎಷ್ಟು ಪೆಟ್ಟು ಬಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಅಲ್ಲದೆ ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಬಸಿರು ಇವೂ ಅದನ್ನು ಇಳಿಸುತ್ತವೆ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ ಇರುವವರೂ ಇದ್ದಾರೆ. ನಮ್ಮ ದೇಶದಲ್ಲಿ ವೈಶ್ಯ ಸಮುದಾಯದ ಕೆಲವು ಮನೆತನಗಳಲ್ಲಿ ಈ ಅನುವಂಶೀಯ ಕೊರತೆ ಹೆಚ್ಚು ಕಂಡುಬಂದಿದೆ. ದಿನನಿತ್ಯದ ಬದುಕಿನಲ್ಲಿ ಅವರಿಗೆ ಏನೂ ತೊಂದರೆಯಿಲ್ಲ. ಆದರೆ ಆಪರೇಷನ್ ವೇಳೆ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಮದ್ದು ಕೊಟ್ಟರೆ, ಕೆಲವು ನಿಮಿಷಗಳಲ್ಲಿ ಇಳಿಯಬೇಕಾದ ಅದರ ಪ್ರಭಾವ ಗಂಟೆಗಟ್ಟಲೆ ಉಳಿದು ಅಷ್ಟು ಹೊತ್ತೂ ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. ಅಂಥವರ ಸೀರಮ್ ರಿಪೋರ್ಟು ನೋಡಿ 'ವಿಷ ಏರಿದೆ' ಎನ್ನುವುದು ತಪ್ಪು.

ಯಾವ ಕೆಲಸಕ್ಕೆ ಈ ಪರೀಕ್ಷೆ

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಈ ಕಿಣ್ವಕ್ಕೂ ಸಂಬಂಧವಿಲ್ಲ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು, ಅಷ್ಟೇ ಅದರಲ್ಲಿರುವುದು. ತಾಮ್ರ ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದೇ, ಆದರೆ ಕೋಲಿನೆಸ್ಟರೇಸನ್ನು ಈ ರೀತಿ ಕಟ್ಟಿಹಾಕುವುದಿಲ್ಲ. ಮಳೆಗಾಲದ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಮರ ಹತ್ತಿ ಬೋರ್ಡೋ ಮಾತ್ರ ಹೊಡೆಯುವ ಕೊನೆಗಾರನಿಗೆ ಈ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ.

ಅದೇ ತೋಟದಲ್ಲಿ ಬೇರುಹುಳಕ್ಕೆಂದು ಬುಡಕ್ಕೆ ಕ್ಲೋರ್‌ಪೈರಿಫಾಸ್ ಸುರಿಯುವವನಿಗೆ ಪರೀಕ್ಷೆ ಬೇಕು. ಶುಂಠಿ ಪಟ್ಟೆಗಳಲ್ಲಿ, ಭತ್ತದ ಗದ್ದೆಯಲ್ಲಿ ಆರ್ಗನೋಫಾಸ್ಫೇಟ್ ಹೊಡೆಯುವವರಿಗೂ ಬೇಕು. '20 ಇಸಿ' ಎಂದು ಡಬ್ಬಿಯ ಮೇಲಿದ್ದರೆ ಒಳಗಿರುವುದು ನೂರಕ್ಕೆ 20 ಭಾಗದ ಗಟ್ಟಿ ವಿಷ. ಬ್ಯಾರಲ್ಲಿಗೆ ಅದನ್ನು ಅಳೆದು ಹೊಯ್ದು ಕಲಸುವವನ ಕೈಗೆ ತಾಗುವುದು, ಹೊಡೆಯುವವನಿಗೆ ತಾಗುವ ತೆಳು ದ್ರಾವಣವಲ್ಲ. ಪಟ್ಟಿ ಮಾಡುವಾಗ ಕಲಸುವವನನ್ನು ಮರೆಯುವುದೇ ಹೆಚ್ಚು. ಅವನನ್ನೇ ಮೊದಲು ಬರೆದುಕೊಳ್ಳಿ. ಬೆನ್ನಿನ ಟ್ಯಾಂಕು ಸೋರಿ ಅಂಗಿ ನೆನೆದು ಅದರಲ್ಲೇ ಸಂಜೆವರೆಗೆ ಕೆಲಸ ಮಾಡುವವನು ಎರಡನೆಯವನು. ಹೊಲದ ಕೆಲಸದಲ್ಲಿ ಈ ವಿಷ ಮೈಸೇರುವುದು ಬಹುಪಾಲು ಚರ್ಮದ ಮೂಲಕವೇ.

ಮಂಗನ ಕಾಯಿಲೆಯ ಕೆಲಸದವರನ್ನು ಪ್ರತ್ಯೇಕವಾಗಿ ಹೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆ ಕಡಿತದಿಂದ ಹರಡುವ ಕಾಯಿಲೆ ಅದು. ಮಂಗ ಸತ್ತು ಬಿದ್ದ ಜಾಗದ ಸುತ್ತ ಸುಮಾರು 50 ಅಡಿ ಮೆಲಾಥಿಯಾನ್ ಪುಡಿ ಎರಚುವ ಪದ್ಧತಿ ಉಣ್ಣೆ ನಿಯಂತ್ರಣದಲ್ಲಿದೆ. ಮೆಲಾಥಿಯಾನ್ ಈ ಕುಲದಲ್ಲಿ ಸೌಮ್ಯವಾದದ್ದು, ಆದರೂ ಯಕೃತ್ತಿನಲ್ಲಿ ಮೆಲಾಆಕ್ಸಾನ್ ಆಗಿ ಬದಲಾದ ಮೇಲೆ ಕಚ್ಚುವುದು ಅದೇ ಸೆರಿನ್ನನ್ನು. ಡಿಸೆಂಬರಿನಿಂದ ಮೇವರೆಗೆ ಪುಡಿ ಎರಚುತ್ತಾ ಓಡಾಡುವವರ ರಕ್ತವನ್ನು ನವೆಂಬರಿನಲ್ಲೇ ಒಮ್ಮೆ ನೋಡಿಡುವುದು ನ್ಯಾಯ. ಮೈಗೆ ಹಚ್ಚಿಕೊಳ್ಳಲು ಕೊಡುವ ಡೇಪಾ ಎಣ್ಣೆ ಈ ಕುಲದ್ದಲ್ಲ, ಅದರ ಬಗ್ಗೆ ಇಲ್ಲಿ ಚಿಂತೆ ಬೇಡ.

ಹಿಂದಿನ ಅಂಕಿ ಇಲ್ಲದ ರಿಪೋರ್ಟು

ಲ್ಯಾಬಿನ ನಾರ್ಮಲ್ ಮಿತಿ 26ರಿಂದ 42 ಎಂದು ಇಟ್ಟುಕೊಳ್ಳಿ. ಒಬ್ಬನ ಸಹಜ ಮಟ್ಟ 42. ಎರಡು ತಿಂಗಳು ಔಷಧಿ ಹೊಡೆದ ಮೇಲೆ 28 ಆಯಿತು. ರಿಪೋರ್ಟು 'ನಾರ್ಮಲ್' ಎನ್ನುತ್ತದೆ, ಆದರೆ ಅವನು ತನ್ನ ಕಿಣ್ವದ ಮೂರನೇ ಒಂದು ಭಾಗ ಕಳೆದುಕೊಂಡಿದ್ದಾನೆ. ಪಕ್ಕದ ಮನೆಯವನ ಸಹಜ ಮಟ್ಟವೇ 27. ಅವನು ಏನೂ ಹೊಡೆದಿಲ್ಲ, ಆದರೂ ಅಂಕಿ ಗಡಿಯಲ್ಲಿದೆಯೆಂದು ಎಲ್ಲರೂ ಗಾಬರಿ. ಮನುಷ್ಯರಿಂದ ಮನುಷ್ಯರಿಗೆ ಇಷ್ಟು ವ್ಯತ್ಯಾಸ ಇರುವುದರಿಂದಲೇ ಅವರವರ ಅಂಕಿಯನ್ನು ಅವರವರದೇ ಹಳೆಯ ಅಂಕಿಯ ಜೊತೆ ಹೋಲಿಸಬೇಕು.

ಇದನ್ನು ಕಾನೂನನ್ನಾಗಿ ಮಾಡಿ ದಶಕಗಳಿಂದ ನಡೆಸಿಕೊಂಡು ಬಂದಿರುವುದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ. ಅಲ್ಲಿ 1974ರಿಂದ ಈ ವಿಷಗಳನ್ನು ಕಲಸುವ, ಹೊಡೆಯುವ ಕೂಲಿಗಳಿಗೆ ರಕ್ತಪರೀಕ್ಷೆ ಕಡ್ಡಾಯ. ಅವರ ಲೆಕ್ಕ ನಮಗೂ ಹೊಂದುತ್ತದೆ. ಕನಿಷ್ಠ 30 ದಿನ ಯಾವ ಆರ್ಗನೋಫಾಸ್ಫೇಟನ್ನೂ, ಇದೇ ಕಿಣ್ವವನ್ನು ಹಿಡಿಯುವ ಇನ್ನೊಂದು ಕುಲದ ಕಾರ್ಬಮೇಟನ್ನೂ ಮುಟ್ಟದಿದ್ದಾಗ ಬೇಸ್‌ಲೈನ್, ಅಂದರೆ ಮುಂದೆ ಹೋಲಿಸಿ ನೋಡಲು ಬೇಕಾದ ರಕ್ತ ತೆಗೆಯಬೇಕು. ಒಂದಲ್ಲ, ಎರಡು ಸಲ. ಎರಡರ ನಡುವೆ ಮೂರು ದಿನಕ್ಕಿಂತ ಕಡಿಮೆಯಿರಬಾರದು, ಹದಿನಾಲ್ಕು ದಿನ ಮೀರಬಾರದು. ಎರಡರ ಸರಾಸರಿಯೇ ಆ ಮನುಷ್ಯನ ಬೇಸ್‌ಲೈನ್. ಮುಂದೆ ಯಾವುದಾದರೂ ಅಂಕಿ ಬೇಸ್‌ಲೈನಿನ ಶೇಕಡಾ 80ಕ್ಕಿಂತ ಇಳಿದರೆ ಕೆಲಸದ ರೀತಿಯಲ್ಲಿ ಏನು ತಪ್ಪಿದೆ ಎಂದು ಹುಡುಕಬೇಕು: ಗ್ಲೌಸು ಹರಿದಿದೆಯೇ, ಟ್ಯಾಂಕು ಸೋರುತ್ತದೆಯೇ, ಗಾಳಿಗೆದುರಾಗಿ ಹೊಡೆಯುತ್ತಿದ್ದಾನೆಯೇ. ರಕ್ತಕಣದ ಅಂಕಿ 70ಕ್ಕೆ ಅಥವಾ ಪ್ಲಾಸ್ಮಾದ ಅಂಕಿ 60ಕ್ಕೆ ಇಳಿದರೆ ಆ ಮನುಷ್ಯನನ್ನು ಔಷಧಿಯಿಂದ ಪೂರ್ತಿ ದೂರ ಇಡಬೇಕು. ಮತ್ತೆ 80ಕ್ಕೆ ಏರುವವರೆಗೆ ಬೇರೆ ಕೆಲಸ ಕೊಡಬೇಕು.

ನಮ್ಮಲ್ಲಿ 30 ದಿನ ಔಷಧಿ ಮುಟ್ಟದ ಕಾಲ ಯಾವುದು? ತೋಟ, ಶುಂಠಿ ಎರಡೂ ಇರುವ ಮನೆಗಳಲ್ಲಿ ಯುಗಾದಿಗೆ ಮೊದಲಿನ ತಿಂಗಳು ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಮನೆಯ ಹಿತ್ತಲಿನ ತರಕಾರಿಗೆ, ದನದ ಉಣ್ಣೆಗೆ, ಗೆದ್ದಲಿಗೆ ಏನಾದರೂ ಹಾಕಿದ್ದೀರಾ ಎಂದು ಬಾಯಿಬಿಟ್ಟು ಕೇಳಬೇಕು. 'ಔಷಧಿ ಹೊಡೆದಿಲ್ಲ' ಎನ್ನುವವರ ಲೆಕ್ಕಕ್ಕೆ ಇವು ಬರುವುದೇ ಇಲ್ಲ.

ಇಳಿದ ಅಂಕಿ ಏರುವುದು ಬಹಳ ನಿಧಾನ. ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲದ್ದರಿಂದ ಹೊಸ ಕಿಣ್ವ ತಯಾರಿಸಲಾರದು. ಕೆಟ್ಟ ಕಿಣ್ವ ಹೊತ್ತ ಕಣ ಸತ್ತು, ಮಜ್ಜೆಯಿಂದ ಹೊಸ ಕಣ ಬರಬೇಕು. ಕಣದ ಆಯುಸ್ಸು ಸುಮಾರು 120 ದಿನ, ಅಂದರೆ ಚೇತರಿಕೆ ದಿನಕ್ಕೆ ಹೆಚ್ಚೂಕಡಿಮೆ ಒಂದು ಶೇಕಡಾ. ವಾರಕ್ಕೊಮ್ಮೆ ಔಷಧಿ ಹೊಡೆದು ಪ್ರತಿಸಲವೂ 12 ಶೇಕಡಾ ಕಳೆದುಕೊಂಡರೆ, ಮುಂದಿನ ವಾರದೊಳಗೆ ವಾಪಸು ಬರುವುದು ಆರೇಳು ಮಾತ್ರ. ಐದನೇ ಸಲ ಹೊಡೆದ ಹೊತ್ತಿಗೆ ಒಟ್ಟು ನಷ್ಟ 30 ದಾಟಿರುತ್ತದೆ. ಇಷ್ಟಾದರೂ ತಲೆನೋವೂ ಬಂದಿರಲಿಕ್ಕಿಲ್ಲ, ಏಕೆಂದರೆ ಲಕ್ಷಣಗಳು ಸಾಮಾನ್ಯವಾಗಿ ಎದ್ದು ಕಾಣುವುದು ಅರ್ಧಕ್ಕೂ ಹೆಚ್ಚು ಕಿಣ್ವ ಹೋದ ಮೇಲೆ. ಹೀಗೆ ಒಳಗೊಳಗೇ ಸವೆದವನಿಗೆ ಒಂದು ದಿನ ಟ್ಯಾಂಕು ಮೈಮೇಲೆ ಚೆಲ್ಲಿದರೆ, ಬೇರೆಯವರು ತಡೆದುಕೊಳ್ಳುವಷ್ಟೇ ವಿಷಕ್ಕೆ ಅವನು ಆಸ್ಪತ್ರೆ ಸೇರುತ್ತಾನೆ. ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಆ ಸವೆತವನ್ನು ಮೊದಲೇ ಹಿಡಿಯುವುದರಲ್ಲಿ. ವಿಷ ಕುಡಿದು ಬಂದವರಲ್ಲಿ ರೋಗನಿರ್ಣಯ ಮಾಡಲು ಅದಕ್ಕಿಂತ ಕಣ್ಣಪಾಪೆ, ಜೊಲ್ಲು, ಎದೆಯ ಗೊರಗೊರ ಸದ್ದು ಬೇಗ ಹೇಳುತ್ತವೆ. ಅಂಥ ಹೊತ್ತಿನಲ್ಲಿ ರಿಪೋರ್ಟಿಗಾಗಿ ಅಟ್ರೋಪಿನ್ ಎಂಬ ಮಾರುಮದ್ದನ್ನು ತಡಮಾಡಲೇಬಾರದು. ರಕ್ತ ತೆಗೆದಿಟ್ಟು ಚಿಕಿತ್ಸೆ ಶುರುಮಾಡುವುದೇ ಸರಿ.

ಇನ್ನೊಂದು ಮಾತು. ಮೆದುಳಿನ ನರಕೋಶ ಹೊಸ ಕಿಣ್ವ ತಯಾರಿಸಿಕೊಳ್ಳಬಲ್ಲದು, ರಕ್ತಕಣ ಮಾಡಲಾರದು. ಹಾಗಾಗಿ ವಿಷ ತಾಗಿದ ಹೊಸತರಲ್ಲಿ ರಕ್ತಕಣ ಮೆದುಳಿನ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ, ವಾರಗಳು ಕಳೆದ ಮೇಲೆ ಹೇಳುವುದಿಲ್ಲ. ತಿಂಗಳ ನಂತರವೂ ಅಂಕಿ 65ರಲ್ಲೇ ಇದೆಯೆಂದರೆ ಮೆದುಳೂ ಅಲ್ಲೇ ನಿಂತಿದೆ ಎಂದರ್ಥವಲ್ಲ.

ರಕ್ತ ತೆಗೆಯುವಾಗ, ಸಾಗಿಸುವಾಗ

ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ತೆಗೆದ ರಕ್ತ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಎರಡು ಗಂಟೆ, ಅಲ್ಲಿಂದ ಬೆಂಗಳೂರಿಗೆ ಕೊರಿಯರಿನಲ್ಲಿ ಹೋಗುವಷ್ಟರಲ್ಲಿ ಒಂದು ರಾತ್ರಿ. ಬೇರೆ ಪರೀಕ್ಷೆಗಳಿಗೆ ಇದು ದೊಡ್ಡದಲ್ಲ, ಇದಕ್ಕೆ ದೊಡ್ಡದು.

ಟ್ಯೂಬಿನೊಳಗೆ ರಾಸಾಯನಿಕ ಕ್ರಿಯೆ ನಿಂತಿರುವುದಿಲ್ಲ. ಪ್ಲಾಸ್ಮಾದಲ್ಲಿ ಉಳಿದ ವಿಷ ದಾರಿಯುದ್ದಕ್ಕೂ ಉಳಿದ ಕಿಣ್ವವನ್ನು ಹಿಡಿಯುತ್ತಲೇ ಇರುತ್ತದೆ, ಆಗ ಅಂಕಿ ನಿಜಕ್ಕಿಂತ ಕೆಳಗೆ ಹೋಗುತ್ತದೆ. ಕಾರ್ಬೋಫ್ಯುರಾನ್, ಕಾರ್ಬೋಸಲ್ಫಾನ್‌ನಂಥ ಕಾರ್ಬಮೇಟುಗಳಲ್ಲಿ ಇದರ ಉಲ್ಟಾ. ಅವು ಕಿಣ್ವವನ್ನು ಹಿಡಿದು ತಾವಾಗಿಯೇ ಬಿಡುತ್ತವೆ, ಬಸ್ಸು ಮಂಡಗದ್ದೆ ದಾಟುವಷ್ಟರಲ್ಲಿ ಅಂಕಿ ಏರತೊಡಗಿ ಲ್ಯಾಬಿನಲ್ಲಿ 'ನಾರ್ಮಲ್' ಆಗಿಬಿಡಬಹುದು. ಆರ್ಗನೋಫಾಸ್ಫೇಟುಗಳಲ್ಲೂ ಎರಡು ಬಗೆ. ಮೆಲಾಥಿಯಾನ್, ಡೈಮಿಥೊಯೇಟ್ ಡೈಮಿಥೈಲ್ ಗುಂಪಿನವು. ಅವು ಹಿಡಿದ ಕಿಣ್ವದ ಅರ್ಧ ಭಾಗ 37 ಡಿಗ್ರಿಯಲ್ಲಿ ತಾನಾಗಿ ಬಿಡುಗಡೆಯಾಗಲು ಸುಮಾರು 0.7 ಗಂಟೆ ಸಾಕು. ಆದರೆ ಹಿಡಿತ ಶಾಶ್ವತವಾಗಿ ಬಿಗಿಯುವ 'ಏಜಿಂಗ್'ನ ಅರ್ಧಾವಧಿಯೂ 3.7 ಗಂಟೆ ಮಾತ್ರ. ಡೈಈಥೈಲ್ ಗುಂಪಿನ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ಗಳಲ್ಲಿ ಇವು ಸುಮಾರು 31 ಮತ್ತು 33 ಗಂಟೆ. ವಿಷದ ಹಿಡಿತದಿಂದ ಕಿಣ್ವವನ್ನು ಬಿಡಿಸುವ ಪ್ರಾಲಿಡಾಕ್ಸಿಮ್ ಮದ್ದು ಕೆಲಸ ಮಾಡುವುದು ಏಜಿಂಗ್ ಆಗದ ಕಿಣ್ವದ ಮೇಲಷ್ಟೇ. ಆದ್ದರಿಂದ ಯಾವ ಔಷಧಿ ಎಂಬುದು ಡಾಕ್ಟರಿಗೂ ಲ್ಯಾಬಿಗೂ ಒಂದೇ ಸಮ ಮುಖ್ಯ.

ಇದಕ್ಕೆ ಪರಿಹಾರ ರಕ್ತವನ್ನು ತೆಗೆದ ಜಾಗದಲ್ಲೇ ತಣ್ಣಗೆ, ತೆಳ್ಳಗೆ ಮಾಡುವುದು. ತೆಳುವಾದರೆ ವಿಷವೂ ಕಿಣ್ವವೂ ಒಂದನ್ನೊಂದು ಸಂಧಿಸುವುದು ಕಡಿಮೆ, ತಣ್ಣಗಾದರೆ ಕ್ರಿಯೆ ನಿಧಾನ. ಮೊದಲು ತೋಳನ್ನು ಸೋಪು ಹಚ್ಚಿ ನೀರಿನಲ್ಲಿ ತೊಳೆದು ಒರೆಸಿ, ಆಮೇಲೆ ಸ್ಪಿರಿಟ್. ಬೆರಳು ಚುಚ್ಚಿ ತೆಗೆಯಬೇಡಿ. ಔಷಧಿ ಕಲಸಿದ ಬೆರಳಿನ ಸಂದಿಯಲ್ಲಿ ಉಳಿದ ಅಂಶ ಹನಿ ರಕ್ತಕ್ಕೆ ಸೇರಿದರೂ ಅಂಕಿ ಹಾಳು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಎರಡು ಮಿಲಿ ತೆಗೆದು ಮೆಲ್ಲಗೆ ಎಂಟು-ಹತ್ತು ಸಲ ತಲೆಕೆಳಗು ಮಾಡಿ. ಸಕ್ಕರೆ ಪರೀಕ್ಷೆಗೆ ಬಳಸುವ ಬೂದು ಮುಚ್ಚಳದ ಟ್ಯೂಬು ಬೇಡವೇ ಬೇಡ, ಅದರಲ್ಲಿರುವ ಫ್ಲೋರೈಡು ಈ ಕಿಣ್ವವನ್ನೇ ತಡೆಯುತ್ತದೆ. ಕೂಡಲೇ ಅದರಿಂದ 0.2 ಮಿಲಿ ರಕ್ತವನ್ನು, ಐಸಿನಲ್ಲಿಟ್ಟ 20 ಮಿಲಿ ಫಾಸ್ಫೇಟ್ ಬಫರಿಗೆ ಸೇರಿಸಿ. ಬಫರು 0.1 ಮೋಲಾರ್, ಪಿಎಚ್ 7.4, ಅದರಲ್ಲಿ ಶೇಕಡಾ 0.03 ಟ್ರೈಟಾನ್ ಎಕ್ಸ್-100. ಟ್ರೈಟಾನ್ ಕಣಗಳನ್ನು ಒಡೆಯುತ್ತದೆ, ದ್ರಾವಣ ಕೆಂಪಗೆ ತಿಳಿಯಾಗುತ್ತದೆ. ಇದನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20 ಡಿಗ್ರಿಯ ಫ್ರೀಜರಿಗೆ ಹಾಕಿ. ಕೆಲಸದ ದಿನದವರೆಗೆ ಹೊರಗೆ ತೆಗೆಯಬೇಡಿ. ಉಳಿದ ಇಡಿಟಿಎ ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿ ಬರೆದುಕೊಳ್ಳಿ. ಪ್ಲಾಸ್ಮಾ ಬೇಕಿದ್ದರೆ ಫ್ರೀಜ್ ಮಾಡುವ ಮೊದಲೇ ಬೇರ್ಪಡಿಸಬೇಕು. ಫ್ರೀಜ್ ಆಗಿ ಕರಗಿದ ರಕ್ತದಿಂದ ಮತ್ತೆ ಪ್ಲಾಸ್ಮಾ ಸಿಗುವುದಿಲ್ಲ.

ಅಳತೆಯ ಕೆಲಸ

ತಳಹದಿ 1961ರ ಎಲ್‌ಮನ್ ವಿಧಾನವೇ. ಅಸಿಟೈಲ್‌ಕೋಲಿನ್ನಿನ ಬದಲು ಗಂಧಕವಿರುವ ಅಸಿಟೈಲ್‌ಥಯೋಕೋಲಿನ್ ಕೊಡುತ್ತೇವೆ. ಕಿಣ್ವ ಅದನ್ನು ಒಡೆದಾಗ ಹೊರಬರುವ ಥಯೋಕೋಲಿನ್, ಡಿಟಿಎನ್‌ಬಿ ಎಂಬ ರಾಸಾಯನಿಕದ ಜೊತೆ ಸೇರಿ ಹಳದಿ ಬಣ್ಣ ಕೊಡುತ್ತದೆ. ಬಣ್ಣ ಏರುವ ವೇಗವೇ ಕಿಣ್ವದ ಅಳತೆ. ಎಲ್‌ಮನ್ ಓದಿದ್ದು 412 ನ್ಯಾನೊಮೀಟರಿನಲ್ಲಿ. ರಕ್ತಕ್ಕೆ ಅದು ತೊಡಕು, ಹಿಮೋಗ್ಲೋಬಿನ್ ತಾನೇ ಅತಿ ಹೆಚ್ಚು ಬೆಳಕು ಹೀರುವುದು ಅಲ್ಲಿಯೇ. 1999ರಲ್ಲಿ ಜರ್ಮನಿಯ ವೋರೆಕ್ ಮತ್ತು ಸಂಗಡಿಗರು 436ಕ್ಕೆ ಸರಿಸಿದರು. ಅಲ್ಲಿ ಹಿಮೋಗ್ಲೋಬಿನ್ನಿನ ಅಡ್ಡಿ ಕಾಲು ಭಾಗಕ್ಕೆ ಇಳಿಯುತ್ತದೆ, ಹಳದಿ ಬಣ್ಣ ಮಾತ್ರ ಶೇಕಡಾ 80ರಷ್ಟು ಉಳಿಯುತ್ತದೆ. ಫಿಲ್ಟರ್ ಇರುವ ಹಳೆಯ ಫೋಟೊಮೀಟರಿನಲ್ಲೂ ಇದು ನಡೆಯುತ್ತದೆ.

37 ಡಿಗ್ರಿಗೆ ಬಂದ ಕ್ಯುವೆಟ್ಟಿನಲ್ಲಿ (ಬೆಳಕು ಹಾಯಿಸಿ ಅಳೆಯುವ ಸಣ್ಣ ಪಾತ್ರೆ) ಟ್ರೈಟಾನ್ ಇಲ್ಲದ ಬಫರ್ 2 ಮಿಲಿ, 10 ಮಿಲಿಮೋಲಾರ್ ಡಿಟಿಎನ್‌ಬಿ 0.1 ಮಿಲಿ (10 ಮಿಲಿ ಬಫರಿಗೆ 39.6 ಮಿಲಿಗ್ರಾಂ ಕರಗಿಸಿದ್ದು), ತೆಳುಮಾಡಿದ ರಕ್ತ 1 ಮಿಲಿ, 6 ಮಿಲಿಮೋಲಾರ್ ಎಥೊಪ್ರೊಪಜೀನ್ 10 ಮೈಕ್ರೊಲೀಟರ್. ಕೊನೆಯದು ಪ್ಲಾಸ್ಮಾದ ಕಿಣ್ವವನ್ನು ಬಾಯಿ ಕಟ್ಟಿಸಲು. ಅದನ್ನು ಬಿಟ್ಟರೆ ಎರಡೂ ಕಿಣ್ವ ಸೇರಿದ ಅಂಕಿ ಬರುತ್ತದೆ. ಈಗ ಹತ್ತು ನಿಮಿಷ ಕಾಯಿರಿ. ಈ ಹತ್ತು ನಿಮಿಷವನ್ನು ಉಳಿಸಲು ಹೋಗಿ ಕೆಡಿಸಿಕೊಳ್ಳುವವರೇ ಬಹಳ. ಹಿಮೋಗ್ಲೋಬಿನ್ನಿನಲ್ಲಿ, ಗ್ಲುಟಾಥಯೋನಿನಲ್ಲಿ ಮೊದಲೇ ಇರುವ ಗಂಧಕದ ತುದಿಗಳೂ ಡಿಟಿಎನ್‌ಬಿಗೆ ಹಳದಿ ಕೊಡುತ್ತವೆ. ಅವು ತೀರುವ ಮೊದಲೇ ಓದಲು ಶುರುಮಾಡಿದರೆ ಇಲ್ಲದ ಕಿಣ್ವವನ್ನು ಇದೆ ಎಂದು ಲೆಕ್ಕ ಹಾಕಿದಂತೆ. ವಿಷವೇರಿದವರಲ್ಲಿ ಈ ತಪ್ಪು ಅಪಾಯಕಾರಿ. ನಂತರ 28.4 ಮಿಲಿಮೋಲಾರ್ ಅಸಿಟೈಲ್‌ಥಯೋಕೋಲಿನ್ ಅಯೊಡೈಡ್, ಅಂದರೆ ಮಿಲಿಗೆ 8.2 ಮಿಲಿಗ್ರಾಂ, 50 ಮೈಕ್ರೊಲೀಟರ್ ಹಾಕಿ ಮೂರರಿಂದ ಐದು ನಿಮಿಷ ಏರಿಕೆ ಓದಿ. ರಕ್ತವಿಲ್ಲದೆ ಇನ್ನೊಂದು ಕ್ಯುವೆಟ್ಟನ್ನೂ ಓಡಿಸಿ, ಅಸಿಟೈಲ್‌ಥಯೋಕೋಲಿನ್ ತಾನಾಗಿಯೂ ಸ್ವಲ್ಪ ಒಡೆಯುವುದರಿಂದ ಅದನ್ನು ಕಳೆಯಬೇಕು. ರೋಗಿಗೆ ಪ್ರಾಲಿಡಾಕ್ಸಿಮ್ ಕೊಟ್ಟಿದ್ದರೆ ಲ್ಯಾಬಿಗೆ ಹೇಳಲೇಬೇಕು, ಅದೂ ಥಯೋಕೋಲಿನ್ ಎಸ್ಟರನ್ನು ಒಡೆದು ಸುಳ್ಳು ಏರಿಕೆ ತೋರಿಸುತ್ತದೆ.

ಲೆಕ್ಕ ಹೀಗೆ. ರಕ್ತ ಮೊದಲು 101 ಪಟ್ಟು ತೆಳುವಾಯಿತು, ಕ್ಯುವೆಟ್ಟಿನ ಒಟ್ಟು 3.16 ಮಿಲಿಯಲ್ಲಿ 1 ಮಿಲಿ ಸೇರಿತು, ಒಟ್ಟು 319 ಪಟ್ಟು. 436ರಲ್ಲಿ ಹಳದಿ ಬಣ್ಣದ ಗುಣಾಂಕ ಮಿಲಿಮೋಲಾರಿಗೆ 10.6. ಬ್ಲ್ಯಾಂಕ್, ಅಂದರೆ ರಕ್ತವಿಲ್ಲದ ಕ್ಯುವೆಟ್ಟಿನ ಏರಿಕೆ ಕಳೆದು ನಿಮಿಷಕ್ಕೆ 0.160 ಏರಿತು ಎನ್ನಿ. 0.160ನ್ನು 10.6ರಿಂದ ಭಾಗಿಸಿ 319ರಿಂದ ಗುಣಿಸಿದರೆ ಒಂದು ಮಿಲಿ ರಕ್ತಕ್ಕೆ 4.8 ಯೂನಿಟ್. ಹಿಮೋಗ್ಲೋಬಿನ್ 12.5 ಇದ್ದರೆ ಮಿಲಿಯಲ್ಲಿ 0.125 ಗ್ರಾಂ, ಅಂದರೆ ಗ್ರಾಂ ಹಿಮೋಗ್ಲೋಬಿನ್ನಿಗೆ 38.5 ಯೂನಿಟ್.

ಈ ಕೊನೆಯ ಭಾಗಾಕಾರ ಬಿಡಬಾರದು. ಪ್ರತಿ ಕಣದಲ್ಲೂ ಅಷ್ಟೇ ಕಿಣ್ವವಿರುವ ಇನ್ನೊಬ್ಬ ಹೆಂಗಸಿನ ಹಿಮೋಗ್ಲೋಬಿನ್ 9 ಎಂದುಕೊಳ್ಳಿ, ನಾಟಿ-ಕಳೆ ಕೆಲಸಕ್ಕೆ ಬರುವವರಲ್ಲಿ ಇದು ಅಪರೂಪವಲ್ಲ. ಅವರ ಮಿಲಿ ರಕ್ತದಲ್ಲಿ ಸಿಗುವುದು 3.5 ಯೂನಿಟ್ಟೇ. ಭಾಗಿಸದೆ ನೋಡಿದರೆ ಶೇಕಡಾ 28 ಇಳಿಕೆ, ಕೆಲಸ ಬಿಡಿಸುವ ಗಡಿಗೆ ಎರಡೇ ಹೆಜ್ಜೆ. ಆಗಿರುವುದು ರಕ್ತಹೀನತೆ, ವಿಷವಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲಿ ಎಳೆಯ ಕಣಗಳು ಹೆಚ್ಚಾಗಿ ಗ್ರಾಂ ಲೆಕ್ಕದ ಅಂಕಿಯೂ ತುಸು ಏರುತ್ತದೆ, ಎಳೆಯ ಕಣದಲ್ಲಿ ಕಿಣ್ವ ಹೆಚ್ಚು. ಬೇಸ್‌ಲೈನ್ ಆ ವಾರಗಳಲ್ಲಿ ತೆಗೆಯಬೇಡಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರದೂ ಬೇಡ, ಅದು ಬೇರೆಯವರ ಕಣಗಳ ಅಳತೆ. ಮರೆವಿನ ಕಾಯಿಲೆಗೆ ಡೊನೆಪೆಜಿಲ್, ಸ್ನಾಯುಗಳು ಸೋಲುವ ಮಯಸ್ತೇನಿಯಕ್ಕೆ ಪಿರಿಡೊಸ್ಟಿಗ್ಮೀನ್ ತೆಗೆದುಕೊಳ್ಳುವವರಲ್ಲಿ ಅಂಕಿ ಮದ್ದಿನಿಂದಲೇ ಇಳಿದಿರುತ್ತದೆ. ಆ ಮದ್ದುಗಳ ಕೆಲಸವೇ ಈ ಕಿಣ್ವವನ್ನು ತಡೆಯುವುದು.

ರಕ್ತಕಣದಲ್ಲಿ ಸಿಗುವ ಮೆದುಳಿನ ಕಿಣ್ವ ಇದೊಂದೇ ಅಲ್ಲ. ಪ್ಲೇಟ್‌ಲೆಟ್ಟಿನಲ್ಲಿ ಮೆದುಳಿನದೇ ಮೋನೊ ಅಮೈನ್ ಆಕ್ಸಿಡೇಸ್-ಬಿ ಇದೆ. 1972ರಿಂದ ಅದನ್ನು ಮನೋರೋಗಗಳಿಗೆ ತಾಳೆಹಾಕುವ ಪ್ರಯತ್ನ ನಡೆದು, ಧೂಮಪಾನವೊಂದೇ ಆ ಅಂಕಿಯನ್ನು ಗಣನೀಯವಾಗಿ ಇಳಿಸುತ್ತದೆ ಎಂದು ಗೊತ್ತಾದ ಮೇಲೆ ಹಳೆಯ ಹಲವು ತೀರ್ಮಾನಗಳು ಸಡಿಲವಾದವು. ಶಿವಮೊಗ್ಗದ ಐಸಿಯುಗಳಿಗೆ ಹೆಚ್ಚು ಬೇಕಾದದ್ದು ಎನ್‌ಎಸ್‌ಇ, ಅಂದರೆ ನರಕೋಶದ ಈನೊಲೇಸ್. ಹೃದಯ ನಿಂತು ಮತ್ತೆ ಬಡಿದವರಲ್ಲಿ ಮೆದುಳಿಗೆ ಎಷ್ಟು ಹಾನಿಯಾಗಿದೆ ಎಂದು ಅಂದಾಜಿಸಲು 48 ಮತ್ತು 72ನೇ ಗಂಟೆಗೆ ಸೀರಮ್ಮಿನಲ್ಲಿ ಇದನ್ನು ನೋಡುತ್ತಾರೆ. 2021ರ ಯುರೋಪಿನ ಮಾರ್ಗಸೂಚಿ ಲೀಟರಿಗೆ 60 ಮೈಕ್ರೊಗ್ರಾಂ ಮೀರಿದರೆ ಕೆಟ್ಟ ಸೂಚನೆ ಎನ್ನುತ್ತದೆ, ಅದೂ ಬೇರೆ ಪರೀಕ್ಷೆಗಳ ಜೊತೆ ಸೇರಿಸಿ ಮಾತ್ರ. ಆದರೆ ಇದೇ ಕಿಣ್ವ ಕೆಂಪು ಕಣದಲ್ಲೂ ಪ್ಲೇಟ್‌ಲೆಟ್ಟಿನಲ್ಲೂ ತುಂಬಿದೆ. ಸಿರಿಂಜಿನಿಂದ ಜೋರಾಗಿ ಒತ್ತಿ ಟ್ಯೂಬಿಗೆ ಹಾಕಿದ್ದಕ್ಕೋ, ಸೀರಮ್ ಬೇರ್ಪಡಿಸದೆ ಹಾಗೇ ಬೆಂಗಳೂರಿಗೆ ಕಳಿಸಿದ್ದಕ್ಕೋ ಕಣ ಒಡೆದರೆ ಅಂಕಿ ಸುಮ್ಮನೆ ಏರುತ್ತದೆ. ಒಬ್ಬ ಮನುಷ್ಯನ ಚಿಕಿತ್ಸೆ ಮುಂದುವರಿಸಬೇಕೇ ಎಂದು ಮನೆಯವರು ತೀರ್ಮಾನಿಸುವ ಹೊತ್ತಿನ ಅಂಕಿ ಅದು. ತೆಗೆದ ಒಂದು ಗಂಟೆಯೊಳಗೆ ಇಲ್ಲೇ ಸೆಂಟ್ರಿಫ್ಯೂಜ್ ಮಾಡಿ ಸೀರಮ್ ಬೇರ್ಪಡಿಸಬೇಕು. ಸೀರಮ್ ತುಸು ಗುಲಾಬಿ ಕಂಡರೂ ಅದನ್ನು ಚೆಲ್ಲಿ ಹೊಸದಾಗಿ ತೆಗೆಯಬೇಕು.

ಕೋಲಿನೆಸ್ಟರೇಸಿಗೆ ಕಳಿಸುವ ಟ್ಯೂಬಿನ ಜೊತೆ ಒಂದು ಚೀಟಿ ಇರಲಿ. ಔಷಧಿಯ ಡಬ್ಬಿಯ ಮೇಲಿನ ತಾಂತ್ರಿಕ ಹೆಸರು, ಶೇಕಡಾವಾರು, ಕೊನೆಯ ಸಲ ಹೊಡೆದ ದಿನ ಮತ್ತು ಹೊತ್ತು, ಕಲಸಿದ್ದು ಯಾರು, ರಕ್ತ ತೆಗೆದ ಹೊತ್ತು, ಐಸಿನ ಬಫರಿಗೆ ಹಾಕಿದ ಹೊತ್ತು, ಹಿಮೋಗ್ಲೋಬಿನ್, ನಡೆಯುತ್ತಿರುವ ಮಾತ್ರೆಗಳು. ಅಂಗಡಿಯಲ್ಲಿ ಕರೆಯುವ ಬ್ರ್ಯಾಂಡ್ ಹೆಸರು ಬರೆದರೆ ಸಾಲದು, ಒಂದೇ ಬಣ್ಣದ ಡಬ್ಬಿಯಲ್ಲಿ ಬೇರೆ ಬೇರೆ ವಿಷ ಬರುತ್ತದೆ. ಡಬ್ಬಿಯ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ತೆಗೆದು ಕಳಿಸಿದರೆ ಇನ್ನೂ ಒಳ್ಳೆಯದು. ಬೇಸ್‌ಲೈನ್ ಅಂಕಿಯನ್ನು ಲ್ಯಾಬಿನ ರಿಜಿಸ್ಟರಿನಲ್ಲಿ ಮಾತ್ರ ಇಡದೆ, ಆ ಮನುಷ್ಯನ ಕೈಗೆ ಒಂದು ಕಾರ್ಡಿನಲ್ಲಿ ಬರೆದು ಕೊಡಿ. ಯಾವ ವಿಧಾನ, ಎಷ್ಟು ಡಿಗ್ರಿ, ಯಾವ ನ್ಯಾನೊಮೀಟರ್ ಎಂದೂ ಅದರಲ್ಲಿರಲಿ. ಬೇರೆ ಲ್ಯಾಬಿನ ಬೇರೆ ವಿಧಾನದ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಶೇಕಡಾ ತೆಗೆಯಲು ಬರುವುದಿಲ್ಲ.